ಕೊಂಡಿ ನಮ್ಮದು, ಹಗ್ಗ ಅವರದು

ನಮ್ಮೂರಿನ ಗುಂಪಿನಲ್ಲಿ ‘ಅದು ಹಾಗಲ್ಲ’ ಎಂದು ಬರೆದರೆ ಬರೆದವರ ಫೋನು ಒಂದು ಕಡಲೆಕಾಳಿನಷ್ಟು ಭಾರವಾಗುತ್ತದೆ. ‘ನಿಮಗೇನು ಗೊತ್ತು’ ಎಂದರೆ ಒಂದು ನಿಂಬೆಹಣ್ಣು. ‘ನಿಮ್ಮಪ್ಪನಿಗೂ ಗೊತ್ತಿರಲಿಲ್ಲ’ ಎಂದರೆ ಸಿಪ್ಪೆ ಸುಲಿಯದ ತೆಂಗಿನಕಾಯಿ. ರಾಜಕೀಯದ ಮಾತು ಬರೆಯುವಾಗ ಬಹಳ ತೂಗುತ್ತದೆ, ಆದರೆ ಚುನಾವಣೆ ಮುಗಿದ ಮೇಲೆ ಅರ್ಧಕ್ಕರ್ಧ ತಾನಾಗಿ ಇಳಿದುಹೋಗುತ್ತದೆ. ಯಾವ ಫೋನು ಒಳ್ಳೆಯದು, ಕರೆಂಟಿನ ಗಾಡಿ ಬೇಕೋ ಪೆಟ್ರೋಲಿನ ಗಾಡಿ ಬೇಕೋ ಎನ್ನುವ ವಾದಗಳು ಮರಳಿನ ಹಾಗೆ. ಒಂದೊಂದು ಕಣಕ್ಕೆ ತೂಕವೇ ಇಲ್ಲ, ಸಂಜೆಗೆ ನೋಡಿದರೆ ಅರ್ಧ ಬುಟ್ಟಿ. ಇತಿಹಾಸ ಮಾತ್ರ ಏರುತ್ತದೆ, ಇಳಿಯುವುದಿಲ್ಲ. ಸತ್ತವರು ಎದ್ದು ಬಂದು ಹೌದು ಅಲ್ಲ ಹೇಳುವ ಹಾಗಿಲ್ಲವಲ್ಲ. ಬೆಳಗಾಗುತ್ತಲೇ ಕಳಿಸುವ ಗುಲಾಬಿ ಹೂವಿಗೆ ತೂಕವಿಲ್ಲ. ಅದರಿಂದ ಉಪಯೋಗವೂ ಇಲ್ಲ.

ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ನಾನು ದರ್ಜಿ, ಊರಿನ ಕಿಸೆಗಳೆಲ್ಲ ನನ್ನ ಕೈ ಹಾದು ಹೋಗುತ್ತವೆ. ಮೊದಲು ರವಿಕೆ, ಲಂಗ ಹೊಲಿಯುತ್ತಿದ್ದೆ. ಗುಂಪು ಶುರುವಾದ ವರ್ಷದಿಂದ ಕಿಸೆಯೇ ಕಸುಬಾಯಿತು, ನಾನೂ ಬಾಳವ್ವ ಹೋಗಿ ಕಿಸೆ ಬಾಳವ್ವ ಆದೆ. ಸಾದಾ ಕಿಸೆ ಒಂದು ಕಿಲೋ ತಾಳುತ್ತದೆ. ಅದಕ್ಕಿಂತ ಹೆಚ್ಚು ವಾದಿಸುವವರಿಗೆ ಒಳಗೆ ಜೀನ್ಸ್ ಬಟ್ಟೆ ಕೊಟ್ಟು ಎರಡು ಪದರ. ಇನ್ನೂ ಹೆಚ್ಚಿನವರಿಗೆ ಲಾರಿಯ ತಾಡಪಾಲು, ಭುಜದ ಮೇಲಿಂದ ಒಂದು ಪಟ್ಟಿ. ಒಬ್ಬನ ಕಿಸೆ ನೋಡಿದರೆ ಅವನು ಮನೆಯಲ್ಲಿ ಹೆಂಡತಿಯೊಡನೆ ಎಷ್ಟು ಮಾತಾಡುತ್ತಾನೆ ಎನ್ನುವುದೂ ನನಗೆ ತಿಳಿಯುತ್ತದೆ. ಕಿಸೆ ದೊಡ್ಡದಾದಷ್ಟೂ ಮನೆಯಲ್ಲಿ ಮಾತು ಕಡಿಮೆ.

ಪರವೂರಿನವರು ಕೇಳುತ್ತಾರೆ, ಅಷ್ಟು ಭಾರವಾದರೆ ಫೋನನ್ನು ಮನೆಯಲ್ಲಿಟ್ಟು ಬರಬಾರದೇ ಎಂದು. ಬರಬಹುದು. ಇಟ್ಟು ಬಂದರೆ ಏನೂ ಆಗುವುದಿಲ್ಲ. ಆದರೆ ಇವರು ಸಂತೆಗೆ ಹೋಗಿ ಬರುವಷ್ಟರಲ್ಲಿ ಆಚೆಯವನು ಕೊನೆಯ ಮಾತು ಹೇಳಿ ಮುಗಿಸಿಬಿಟ್ಟರೆ? ಅದಕ್ಕೇ ಯಾರೂ ಇಟ್ಟು ಬರುವುದಿಲ್ಲ. ಹೊತ್ತು ತಿರುಗುತ್ತಾರೆ, ಸೈಕಲ್ಲಿಗೆ ಕಟ್ಟಿಕೊಳ್ಳುತ್ತಾರೆ, ಭಾನುವಾರ ಹಿಟ್ಟಿನ ಗಿರಣಿಯ ತಕ್ಕಡಿಯಲ್ಲಿಟ್ಟು ತೂಗಿಸುತ್ತಾರೆ. ಯಾರದು ಹೆಚ್ಚು ತೂಗಿತೋ ಅವರು ವಾದದಲ್ಲಿ ಗೆದ್ದ ಹಾಗೆ ಎಂದು ನಮ್ಮೂರ ಗಂಡಸರು ನಂಬಿಕೊಂಡಿದ್ದಾರೆ. ಗಿರಣಿಯವನಿಗೂ ಅದೇ ನಂಬಿಕೆ, ಏಕೆಂದರೆ ತೂಗಿಸಲು ಬಂದವರು ಜೋಳವನ್ನೂ ಬೀಸಿಸಿಕೊಂಡು ಹೋಗುತ್ತಾರೆ.

ಊರಿನ ನಡುವೆ ಒಂದು ಹಳ್ಳ ಹರಿಯುತ್ತದೆ. ಈ ದಡದಲ್ಲಿ ನಾವು ಗೌಂಡಿಗಳು, ಕಲ್ಲಿನ ಕೆಲಸದವರು. ಆ ದಡದಲ್ಲಿ ಹಗ್ಗ ಹೊಸೆಯುವವರು. ನಡುವೆ ತೂಗುಸೇತುವೆ: ನಾಲ್ಕು ಕಲ್ಲಿನ ಕಂಬ, ಅವುಗಳಿಗೆ ಬಿಗಿದ ದಪ್ಪ ಹಗ್ಗ, ಹಗ್ಗದ ಮೇಲೆ ಹಲಗೆ. ಒಂದು ಸಲಕ್ಕೆ ಒಬ್ಬರೇ ದಾಟಬೇಕು. ಮೈ, ಬಟ್ಟೆ, ಫೋನು ಎಲ್ಲ ಸೇರಿ ನೂರು ಕಿಲೋ ಮೀರುವ ಹಾಗಿಲ್ಲ. ಆ ದಡದಲ್ಲಿ ಮೌಲಾಬಿ ತೂಕದ ಕಲ್ಲು, ತಕ್ಕಡಿ ಇಟ್ಟುಕೊಂಡು ಕೂತಿರುತ್ತಾಳೆ, ಈ ದಡದಲ್ಲಿ ಅವಳ ತಂಗಿ. ಇಬ್ಬರೂ ಮುಲಾಜಿಗೆ ಬೀಳುವವರಲ್ಲ. ಸೇತುವೆ ಬಿಟ್ಟರೆ ಸುತ್ತುದಾರಿ, ಒಂದೂವರೆ ದಿನದ್ದು.

ಈ ಸೇತುವೆಗೆ ಹೆಸರಿನ ಫಲಕ ಹಾಕಿಸುತ್ತೇವೆ ಎಂದು ಪುರಸಭೆಯವರು ಗುಂಪಿನಲ್ಲಿ ಬರೆದದ್ದೇ ತಪ್ಪಾಯಿತು. ನನ್ನ ಗಂಡ ಭರಮಪ್ಪ ಕೂಡಲೇ ಬರೆದ, ಸೇತುವೆ ಕಟ್ಟಿದ್ದು ನಮ್ಮ ಮುತ್ತಜ್ಜ, ಕಂಬದ ಮೇಲೆ ಅವನ ಉಳಿಯ ಗುರುತಿದೆ ಎಂದು. ಆ ದಡದಿಂದ ಹಗ್ಗದ ದ್ಯಾಮಣ್ಣ ಬರೆದರು, ಕಂಬ ನಿಲ್ಲಿಸಿದ ಮಾತ್ರಕ್ಕೆ ಸೇತುವೆಯಾಗುವುದಾದರೆ ಬೀದಿದೀಪದ ಕಂಬವೂ ಸೇತುವೆಯೇ, ದಾಟುವುದು ನಮ್ಮ ಮುತ್ತಜ್ಜ ಹೊಸೆದ ಹಗ್ಗದ ಮೇಲೆ ಎಂದು. ಹಗ್ಗವನ್ನು ಗಾಳಿಗೆ ಕಟ್ಟಿದ್ದರೇ ಎಂದು ನನ್ನ ಗಂಡ. ಕಂಬದಿಂದ ಕಂಬಕ್ಕೆ ಹಾರಿಕೊಂಡು ಹೋಗಿ ಎಂದು ಅವರು. ಪುರಸಭೆಯ ಚುನಾವಣೆಗೆ ನಿಂತಿದ್ದ ಇಬ್ಬರು ಒಬ್ಬೊಬ್ಬರು ಒಂದೊಂದು ಕಡೆ ಹಿಡಿದರು. ಕಲ್ಲೂ ಬೇಡ ಹಗ್ಗವೂ ಬೇಡ, ಕಬ್ಬಿಣದ್ದು ಹಾಕಿ ಎಂದು ನಡುವೆ ಯಾರೋ ತಂತ್ರಜ್ಞಾನ ತಂದರು. ಇನ್ಯಾರೋ ಉತ್ತರ ಹೇಳುವ ಯಂತ್ರವನ್ನೇ ಕೇಳಿ, ಇಬ್ಬರ ಮಾತಿನಲ್ಲೂ ಹುರುಳಿದೆ ಎಂದು ಅದು ಕೊಟ್ಟ ಉತ್ತರವನ್ನು ಹಾಕಿದರು. ಆ ಒಂದು ದಿನ ಮಾತ್ರ ನನ್ನ ಗಂಡ ಮತ್ತು ದ್ಯಾಮಣ್ಣ ಒಂದೇ ಕಡೆ ಸೇರಿ ಯಂತ್ರವನ್ನು ಬೈದರು.

ಇಷ್ಟೇ ಆಗಿದ್ದರೆ ನಾನು ಎರಡು ಒಳ್ಳೆಯ ಕಿಸೆ ಹೊಲಿದು ಸುಮ್ಮನಿರುತ್ತಿದ್ದೆ. ಆದರೆ ದ್ಯಾಮಣ್ಣ ನಮ್ಮ ಬೀಗರು. ನನ್ನ ಮಗಳು ರೇಣವ್ವನನ್ನು ಅವರ ಮಗನಿಗೆ ಕೊಟ್ಟು ಮೂರು ವರ್ಷವಾಗಿತ್ತು. ಅದಕ್ಕೆ ಮೊದಲೂ ಇಬ್ಬರೂ ಗೆಳೆಯರೇ. ಪ್ರತಿ ಸೋಮವಾರ ದ್ಯಾಮಣ್ಣ ಸೇತುವೆ ದಾಟಿ ಬಂದು ನಮ್ಮ ಕಟ್ಟೆಯ ಮೇಲೆ ಹುಲಿಕಟ್ಟಿನ ಆಟಕ್ಕೆ ಕೂರುತ್ತಿದ್ದರು, ನಾನು ಚುರಮುರಿ ಒಗ್ಗರಣೆ ಹಾಕಿ ಕೊಡುತ್ತಿದ್ದೆ. ಫಲಕದ ಜಗಳ ಹುಟ್ಟಿ ಆರು ತಿಂಗಳಿಗೆ ನನ್ನ ಗಂಡನ ಫೋನು ಮೂವತ್ತೆಂಟು ಕಿಲೋ ಆಯಿತು. ಸಿಮೆಂಟು ಸಾಗಿಸುವ ಕೈಗಾಡಿಯಲ್ಲಿಟ್ಟುಕೊಂಡು ತಿರುಗುತ್ತಿದ್ದ. ದ್ಯಾಮಣ್ಣನವರದು ನಲವತ್ತೊಂದು. ಅವರ ಮೈ ಎಪ್ಪತ್ತೆರಡು. ಸೋಮವಾರದ ಆಟ ನಿಂತಿತು. ತಮ್ಮಷ್ಟಕ್ಕೆ ತಾವು ನಿಲ್ಲಿಸಿದ್ದು ಎಂದು ಇಬ್ಬರೂ ಹೇಳಿಕೊಂಡರು.

ಅಂಥ ಹೊತ್ತಿನಲ್ಲಿ ರೇಣವ್ವ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು, ಹೆಣ್ಣುಮಗು ಹಡೆದಳು.

ನಮ್ಮೂರಲ್ಲಿ ತೊಟ್ಟಿಲಿಗೆ ಒಂದು ಪದ್ಧತಿ ಇದೆ. ತೂಗುಹಾಕುವ ಕೊಂಡಿ ಹೆಣ್ಣಿನ ಮನೆಯದು, ಹಗ್ಗ ಗಂಡಿನ ಮನೆಯದು. ಹದಿಮೂರನೆಯ ದಿನ ಕೊಂಡಿಗೆ ಹಗ್ಗವನ್ನು ಅಪ್ಪನ ಅಪ್ಪನೇ ಕಟ್ಟಬೇಕು, ಆಮೇಲೆ ಹೆಸರು. ಆ ದಿನ ತಪ್ಪಿದರೆ ಮೂರು ತಿಂಗಳು ತುಂಬುವವರೆಗೆ ಮಗುವಿಗೆ ಹೆಸರಿಲ್ಲ, ಬಾಣಂತಿ ಗಂಡನ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಹಸಿಕೂಸನ್ನು ಹಳ್ಳ ದಾಟಿಸುವ ಮಾತಂತೂ ಇಲ್ಲವೇ ಇಲ್ಲ. ಅಂದರೆ ದ್ಯಾಮಣ್ಣನೇ ದಾಟಿ ಬರಬೇಕು, ಹಗುರಾಗಿ.

ಹನ್ನೊಂದನೆಯ ದಿನ ಬೀಗತಿ ಫಕ್ಕೀರವ್ವ ಆ ದಡದಲ್ಲಿ ನಿಂತು ಕೂಗಿ ಹೇಳಿದಳು, “ಬಾಳವ್ವಾ, ನಿನ್ನ ಗಂಡ ಮೊದಲ ಇಳಿಸಿಕೊಂಡರ ನಮ್ಮವರೂ ಇಳಿಸಿಕೊಳ್ತಾರಂತ!”

“ನಮ್ಮವರೂ ಅದನ್ನs ಅಂತಾರ ಫಕ್ಕೀರವ್ವಾ, ನಿಮ್ಮವರು ಮೊದಲಂತ!”

“ಹಂಗಾರ ಇಬ್ಬರನ್ನೂ ಹಳ್ಳಕ್ಕ ದೂಡೂಣೇನು?”

“ತೂಕ ನೋಡಿದ್ರ ಹಳ್ಳ ಕಟ್ಟಿಕೊಂಡೀತು, ಬ್ಯಾಡವಾ!”

ನಾವು ನಕ್ಕೆವು. ಮನೆಯೊಳಗೆ ಬಂದರೆ ರೇಣವ್ವ ಮಗುವನ್ನು ಎದೆಗೆ ಹಚ್ಚಿಕೊಂಡು ಅಳುತ್ತಿದ್ದಳು. “ನಗ್ತೀರಿ ನೀವು. ಮೂರು ತಿಂಗಳ ನನ್ನ ಮಗಳನ್ನ ಏ ಕೂಸ, ಏ ಕೂಸ ಅಂತ ಕರೀಬೇಕೇನು? ನಾ ಕಲ್ಲಿನಾಕಿನೋ ಹಗ್ಗದಾಕಿನೋ, ಅದನ್ನರ ಹೇಳಿಬಿಡು ಯವ್ವಾ. ಒಂದು ದಡ ಹಿಡಕೊಂಡು ಕುಂದರ್ತೀನಿ.”

ಅವಳ ಅಪ್ಪ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ. ಮಗಳೆಂದರೆ ಅವನಿಗೆ ಪ್ರಾಣ. ಅಲ್ಲೇ ಕೂತು ಗುಂಪಿನಲ್ಲಿ ಕ್ಷಮೆ ಬರೆದ. ‘ಬೀಗರೇ ಕ್ಷಮಿಸಿರಿ, ಆದರೆ ಸತ್ಯ ಸತ್ಯವೇ.’ ಫೋನು ಒಂದು ಬದನೆಕಾಯಿಯಷ್ಟು ಏರಿತು. ಅವರು ಬರೆದರು, ‘ಕ್ಷಮಿಸಿದ್ದೇನೆ, ಆದರೆ ಕಲ್ಲಿನವರ ತಲೆ ಕಲ್ಲೇ.’ ಅವರದು ಒಂದು ಕುಂಬಳಕಾಯಿಯಷ್ಟು ಏರಿತು. ಸಂಜೆಯವರೆಗೆ ಇಬ್ಬರೂ ಒಟ್ಟು ಹದಿನಾರು ಸಲ ಕ್ಷಮೆ ಕೇಳಿದರು. ಕೈಗಾಡಿಯ ಗಾಲಿ ನೆಲದಲ್ಲಿ ಹೂತಿತು.

“ಅಲ್ರೀ, ಆ ‘ಆದರೆ’ ತಗದು ಬರೀರಿ,” ಎಂದೆ.

“ತಗದ್ರ ಮತ್ತ ಹೇಳೂದೇನು ಉಳಿತದ?” ಎಂದ.

ಭಾರ ಯಾವುದರಿಂದ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಎಮ್ಮೆ ಸಾಕುವ ಪರಪ್ಪ ಚುನಾವಣೆಯ ಜಗಳದಲ್ಲಿ ಮುಳುಗಿದ್ದವನು, ತಾಡಪಾಲಿನ ಕಿಸೆಯವನು, ಒಂದು ಬೆಳಿಗ್ಗೆ ಗುಂಪಿನಲ್ಲಿ ಬರೆದ: ನನ್ನ ಎಮ್ಮಿ ಎರಡು ದಿನದಿಂದ ಮೇವು ಮುಟ್ಟಿಲ್ಲ, ಯಾರಿಗರ ಗೊತ್ತಿದ್ರ ಹೇಳ್ರಿ. ಅವನೊಡನೆ ಕಚ್ಚಾಡುತ್ತಿದ್ದವನೇ ಓಮಕಾಳು, ಉಪ್ಪು ಕುದಿಸಿ ಕುಡಿಸು ಎಂದ. ಮರುದಿನ ಇಬ್ಬರೂ ಬೇರೆ ಬೇರೆಯಾಗಿ ನನ್ನ ಅಂಗಡಿಗೆ ಬಂದು ಭುಜದ ಪಟ್ಟಿ ಬಿಚ್ಚಿಸಿಕೊಂಡು ಹೋದರು, ಏಕೆ ಹಗುರಾಯಿತೋ ತಿಳಿಯದು ಎಂದರು. ನನಗೆ ತಿಳಿಯಿತು. ಬೇಕಾಗಿ ಕೇಳಿದರೆ ಇಳಿಯುತ್ತದೆ, ಗೊತ್ತಿದ್ದು ಹೇಳಿಕೊಟ್ಟರೂ ಇಳಿಯುತ್ತದೆ. ಆದರೆ ಇದನ್ನು ಯಾರಿಗೂ ಹೇಳುವ ಹಾಗಿಲ್ಲ. ಒಮ್ಮೆ ಒಬ್ಬನಿಗೆ ಹೇಳಿ ನೋಡಿದ್ದೆ. ಅವನು ಹಗುರಾಗಲೆಂದೇ ಕೂತು, ಆಕಾಶ ಏಕೆ ನೀಲಿ ಎಂದು ನಲವತ್ತು ಪ್ರಶ್ನೆ ಕೇಳಿದ. ಒಂದು ಕಾಳೂ ಇಳಿಯಲಿಲ್ಲ.

ಹದಿಮೂರನೆಯ ದಿನ ಬೆಳಿಗ್ಗೆ ಫಕ್ಕೀರವ್ವ, ಅವಳ ಮಗಳು, ನಮ್ಮ ಅಳಿಯ ಶಿವಪುತ್ರ ಒಬ್ಬೊಬ್ಬರಾಗಿ ಸೇತುವೆ ದಾಟಿ ಬಂದರು. ಹಗ್ಗ ತಂದಿದ್ದರು, ಹೊಸತು, ಅರಿಶಿನ ಹಚ್ಚಿದ್ದು. ದ್ಯಾಮಣ್ಣ ಬಂದಿರಲಿಲ್ಲ. ಆ ದಡದಲ್ಲಿ ಮೌಲಾಬಿಯ ಪಕ್ಕದ ಕಲ್ಲಿನ ಮೇಲೆ ಹೊಸ ಅಂಗಿ ಹಾಕಿಕೊಂಡು, ಫೋನು ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದರು. ನಮ್ಮ ಹಿತ್ತಲಿನಿಂದ ಕಾಣುತ್ತಿತ್ತು.

“ಗಂಟು ಹಾಕೂದೇನು ದೊಡ್ಡ ವಿದ್ಯಾನ?” ಎಂದ ನನ್ನ ಗಂಡ. “ನಲವತ್ತು ವರ್ಷ ಕಲ್ಲು ಎತ್ತೀನಿ ಹಗ್ಗದಾಗ. ನಾನs ಕಟ್ತೀನಿ. ಹೆಸರಿಟ್ಟು ಮುಗಸ್ರಿ.”

ಕೊಂಡಿ ಅವನೇ ಹೊಡೆದು ತೊಲೆಗೆ ಕೂರಿಸಿದ್ದ, ಆನೆ ತೂಗುಹಾಕಿದರೂ ಅಲುಗದು. ಹಗ್ಗ ಏರಿಸಿ ಗಂಟು ಹಾಕಿದ. ನೋಡಿದ ಕೂಡಲೇ ನನಗೆ ತಿಳಿಯಿತು. ಅದು ಕಲ್ಲೆತ್ತುವ ಗಂಟು, ಮೇಲಕ್ಕೆ ಎಳೆಯುವಾಗ ಬಿಗಿಯುತ್ತದೆ, ಅತ್ತಿತ್ತ ತೂಗಿದರೆ ಜಾರುತ್ತದೆ. ನಾನು ದರ್ಜಿ, ದಾರದ ಸ್ವಭಾವ ನನಗೆ ಹೊಸದಲ್ಲ. ನಾನು ಕೈ ಹಾಕಿದ್ದರೆ ಅಲ್ಲೇ ಸರಿಮಾಡಬಹುದಿತ್ತು. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಪಕ್ಕದಲ್ಲಿ ಫಕ್ಕೀರವ್ವ, ಹಗ್ಗದವನ ಮನೆಯಲ್ಲಿ ಮೂವತ್ತೈದು ವರ್ಷ ಬಾಳಿದವಳು. ಅವಳ ಕೈಯೂ ಮಡಿಲಲ್ಲೇ ಇತ್ತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಶಿವಪುತ್ರನಿಗೆ ಸೋಡಾ ಅಂಗಡಿ. ಅವನಿಗೆ ಚಪ್ಪಲಿಯ ಪಟ್ಟಿಯ ಗಂಟೂ ಬಾರದು.

ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸಿ ತೂಗುವುದು ಎಲ್ಲ ಕಡೆಯ ಸಂಪ್ರದಾಯ.

“ಸಣ್ಣ ಕಲ್ಲು ಬ್ಯಾಡ, ಒಳಕಲ್ಲಿನ ದೊಡ್ಡ ಗುಂಡು ತಾ,” ಎಂದೆ ಅಳಿಯನಿಗೆ.

“ಹೌದಪಾ, ದೊಡ್ಡದs ಇರಲಿ,” ಎಂದಳು ಫಕ್ಕೀರವ್ವ.

ಗುಂಡುಕಲ್ಲಿಗೆ ಕುಂಕುಮ ಹಚ್ಚಿ ಮಲಗಿಸಿದೆವು. ನನ್ನ ಗಂಡ ಹೆಮ್ಮೆಯಿಂದ ತೂಗಿದ. ಒಂದು, ಎರಡು, ಮೂರನೆಯ ತೂಗಿಗೆ ಗಂಟು ಸರ್ರನೆ ಜಾರಿತು. ತೊಟ್ಟಿಲು ಮಗುಚಿ ಕಲ್ಲು ನೆಲಕ್ಕೆ ಬಿದ್ದ ಸದ್ದಿಗೆ ಹಿತ್ತಲಿನ ಕೋಳಿಗಳೆಲ್ಲ ಗೋಡೆ ಹಾರಿದವು. ಹಾಸುಗಲ್ಲು ಉದ್ದಕ್ಕೂ ಸೀಳಿತು. ರೇಣವ್ವ ಮಗುವನ್ನು ಅವಚಿಕೊಂಡು ಗೋಡೆಗೆ ಒರಗಿದಳು.

ನನ್ನ ಗಂಡ ಸೀಳಿದ ಹಾಸುಗಲ್ಲು ನೋಡಿದ, ಮಗುವನ್ನು ನೋಡಿದ. ಅವನ ಮುಖದ ಬಣ್ಣವೇ ಹೋಗಿತ್ತು. ಜಾರಿದ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಕೈಗಾಡಿಯ ಹತ್ತಿರ ಹೋಗಿ ಬಗ್ಗಿ, ಒಂದೇ ಬೆರಳಿನಲ್ಲಿ ನಿಧಾನವಾಗಿ ಬರೆದ. ಆಮೇಲೆ ಊರೆಲ್ಲ ಓದಿತು. ‘ಬೀಗರ, ನಾ ಕಟ್ಟಿದ ಗಂಟು ಜಾರ್ತು. ಕಲ್ಲು ಇತ್ತು, ಕೂಸು ಇರಲಿಲ್ಲ, ದೇವರು ದೊಡ್ಡಾವ. ನನಗ ಬರೂದಿಲ್ಲ. ಹೆಂಗ ಕಟ್ಟಬೇಕು?’

ದ್ಯಾಮಣ್ಣ ಆರು ತಿಂಗಳು ಕಾದಿದ್ದ ಮಾತು ಅದು. ನೂರಾರು ಜನ ಓದುವ ಕಡೆ, ಕಲ್ಲಿನವನ ಬಾಯಿಂದ ನನಗೆ ಬರುವುದಿಲ್ಲ ಎನ್ನುವ ಮಾತು. ನಾನು ಹಿತ್ತಲಿಗೆ ಓಡಿದೆ. ಆ ದಡದಲ್ಲಿ ದ್ಯಾಮಣ್ಣ ಫೋನಿನ ಮೇಲೆ ಬಗ್ಗಿದ್ದರು. ನನ್ನ ಫೋನು ಅವರು ಬರೆಯುತ್ತಿದ್ದಾರೆ ಎಂದು ತೋರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರೆಯುತ್ತಿದ್ದಾರೆ ಎಂದು ತೋರಿಸುತ್ತಿತ್ತು. ಅಳಿಸಿದ್ದು ಏನೇನೋ ನನಗೆ ಗೊತ್ತಿಲ್ಲ, ಊಹೆಯಿದೆ. ಒಂದು ಒಳ್ಳೆಯ ಕುಟುಕು ಮಾತು ಸಿಕ್ಕಾಗ ಅದನ್ನು ನುಂಗಿಕೊಳ್ಳುವುದು ಎಂಥ ಕಷ್ಟವೆಂದು ನಾನೂ ಬಲ್ಲೆ. ಕೊನೆಗೆ ಬಂತು.

‘ಕೂಸಿಗೆ ಏನೂ ಆಗಿಲ್ಲ ಹೌದಿಲ್ಲೋ? ಕೊಂಡಿ ಯಾವ ತೊಲಿಗೆ ಹಾಕೀರಿ? ದುಂಡಗೈತೋ ಮೂಲಿ ಐತೋ? ಮೂಲಿ ಇದ್ರ ಹಗ್ಗ ಕೊಯ್ತದ, ಅದು ನನಗ ತಿಳಿಯೂದಿಲ್ಲ, ನೀವು ಹೇಳ್ರಿ.’

‘ದುಂಡಗೈತ್ರಿ. ನಾನs ಅರಾ ಹಾಕಿ ನುಣ್ಣಗ ಮಾಡೀನಿ. ನಡುಮನಿ ತೊಲಿ, ಸಾಗವಾನಿ.’

‘ಹಂಗಾರ ಎರಡು ಸುತ್ತು ಎಡಕ್ಕ, ಒಂದು ಒಳಗಿಂದ. ಅಲ್ಲಲ್ಲ. ಇದು ಬರದು ಹೇಳೂದಲ್ಲ. ಬರ್ತೀನಿ, ತಡೀರಿ.’

ನನ್ನ ಗಂಡ ಅದನ್ನು ಓದುತ್ತ ಓದುತ್ತ ಫೋನನ್ನು ಕೈಗಾಡಿಯಿಂದ ಎತ್ತಿ ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದ. ಎತ್ತಿದ್ದು ಅವನಿಗೇ ಗೊತ್ತಾಗಿರಲಿಲ್ಲ.

ನಾವೆಲ್ಲ ಹಳ್ಳದ ದಂಡೆಗೆ ಹೋದೆವು. ದ್ಯಾಮಣ್ಣ ತಕ್ಕಡಿ ಏರಿದ್ದರು. ಮೌಲಾಬಿ ಕೂಗಿದಳು, “ನೂರಾ ಮೂರು! ಇಳೀರಿ ಕೆಳಗ.”

“ಮೂರು ಕಿಲೋಕ್ಕ ಏನವ್ವಾ, ಮೊಮ್ಮಗಳ ತೊಟ್ಟಲಾ!”

“ನನ್ನ ಸೇತುವಿಗೆ ಮೊಮ್ಮಗಳು ಗೊತ್ತಿಲ್ರಿ. ನೂರು ಗೊತ್ತೈತಿ.”

ಅವರು ಚಪ್ಪಲಿ ಬಿಟ್ಟರು. ರುಮಾಲು ತೆಗೆದಿಟ್ಟರು. ಎಲೆಅಡಿಕೆಯ ಸಂಚಿ ಮೌಲಾಬಿಯ ಕೈಗೆ ಕೊಟ್ಟರು. ನೂರಾ ಒಂದು. ಹೊಸ ಅಂಗಿಗೆ ಕೈ ಹಾಕಿದಾಗ ಮೌಲಾಬಿ, “ಅಂಗಿ ಇರಲಿ ಮಾವಾ, ಅದರಾಗ ಎಷ್ಟರ ಇದ್ದೀತು,” ಎಂದಳು. ದ್ಯಾಮಣ್ಣ ಫೋನು ನೋಡಿದರು. ಅದನ್ನು ಅಲ್ಲೇ ಇಟ್ಟು ಬರುವ ಯೋಚನೆ ಆಗಲೂ ಅವರಿಗೆ ಬರಲಿಲ್ಲ. ಆಮೇಲೆ ಏನೋ ನೆನಪಾಗಿ, ತಕ್ಕಡಿಯಲ್ಲಿ ನಿಂತೇ ಗುಂಪಿನಲ್ಲಿ ಕೇಳಿದರು: ‘ಕೂಸು ಎಷ್ಟು ತೂಕ ಐತ್ರಿ? ಹಗ್ಗ ಒಂದೆಳಿ ಸಾಕೋ ಎರಡೆಳಿ ಬೇಕೋ ನೋಡಬೇಕು.’

‘ಮೂರು ಕಿಲೋ ಕಾಲು,’ ಎಂದು ನನ್ನ ಗಂಡ ಬರೆದ.

ತಕ್ಕಡಿಯ ತಟ್ಟೆ ಮೇಲಕ್ಕೆ ಎದ್ದಿತು. ಮೌಲಾಬಿ ಎರಡು ಸಲ ನೋಡಿ, “ತೊಂಬತ್ತೆಂಟು. ನಡೀರಿ, ನಡೀರಿ. ಓಡಬ್ಯಾಡ್ರಿ ಮತ್ತ!” ಎಂದಳು. ಬರಿಗಾಲಲ್ಲಿ, ಬೋಳುತಲೆಯಲ್ಲಿ, ಫೋನನ್ನು ಮಗುವಿನ ಹಾಗೆ ಎದೆಗೆ ಹಿಡಿದುಕೊಂಡು ಅವರು ದಾಟಿ ಬಂದರು. ಹಗ್ಗ ಕಿರುಗುಟ್ಟಿತು. ನನ್ನ ಗಂಡ ನಮ್ಮ ಕಡೆಯ ಕಂಬವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಿದ್ದ, ಅವನು ಹಿಡಿಯದಿದ್ದರೆ ಬಿದ್ದೀತೇನೋ ಎನ್ನುವ ಹಾಗೆ.

ಬೀಗರು ನೀರು ಕೂಡ ಕುಡಿಯದೆ ಒಳಗೆ ಹೋಗಿ ಗಂಟು ಹಾಕಿದರು. ಹಾಕುವಾಗ ನನ್ನ ಗಂಡನ ಕೈಯನ್ನು ಹಿಡಿದು ಹಗ್ಗದ ಮೇಲಿಟ್ಟು, “ಇಲ್ಲಿ ಒತ್ರಿ, ಇಲ್ಲಿ ಬಿಡ್ರಿ,” ಎಂದು ಹೇಳಿಕೊಟ್ಟರು. ಗುಂಡುಕಲ್ಲು ಹನ್ನೆರಡು ತೂಗಿದರೂ ಅಲುಗಲಿಲ್ಲ. ಆಮೇಲೆ ಮಗುವನ್ನು ಮಲಗಿಸಿದೆವು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿ, ಪದ್ಧತಿಯಂತೆ ನಮ್ಮೆಲ್ಲರಿಂದ ಬೆನ್ನಿಗೆ ಗುದ್ದು ತಿಂದಳು. ಮಗು ಆಕಳಿಸಿತು.

ಹೋಳಿಗೆಯ ಎಲೆಯ ಮುಂದೆ ಕೂತು ಅರ್ಧ ಹೋಳಿಗೆ ಮುಗಿದಿರಲಿಲ್ಲ, ನನ್ನ ಗಂಡ ತುಪ್ಪ ಬಡಿಸಿಕೊಳ್ಳುತ್ತ ಶುರು ಮಾಡಿದ. “ಅಲ್ರೀ ಬೀಗರ, ಒಂದು ಮಾತು. ಕೊಂಡಿ ಇಲ್ಲದಿದ್ರ ನಿಮ್ಮ ಗಂಟು ಎಲ್ಲಿ ಹಾಕ್ತಿದ್ರಿ?”

“ಗಂಟು ಇಲ್ಲದಾಗ ನಿಮ್ಮ ಕೊಂಡಿ ಏನು ಮಾಡ್ತಂತ ನೆಲ ನೋಡ್ರಿ, ಹೇಳ್ತದ!”

ರೇಣವ್ವ ಬೆಚ್ಚಿ ನನ್ನ ಕಡೆ ನೋಡಿದಳು. ಫಕ್ಕೀರವ್ವ ಇನ್ನೊಂದು ಹೋಳಿಗೆ ಇಬ್ಬರ ಎಲೆಗೂ ಹಾಕಿ, “ಬಾಯಿಲೆ ಮಾತಾಡ್ಲಿ ಬಿಡವಾ,” ಎಂದಳು. ಬಾಯಿಮಾತಿಗೆ ನಮ್ಮೂರಲ್ಲಿ ತೂಕವಿಲ್ಲ. ಹೊತ್ತು ಮುಳುಗುವವರೆಗೂ ಕಿರುಚಾಡಿದರು, ಮುತ್ತಜ್ಜಂದಿರನ್ನು ಎಳೆದು ತಂದರು, ಪುರಸಭೆಯನ್ನು ಬೈದರು, ಕಬ್ಬಿಣದ ಸೇತುವೆಯನ್ನು ಇಬ್ಬರೂ ಸೇರಿ ಬೈದರು. ಹೋಗುವಾಗ ಮೌಲಾಬಿಯ ತಂಗಿ ದ್ಯಾಮಣ್ಣನನ್ನು ತೂಗಿದಳು. ತೊಂಬತ್ತೊಂಬತ್ತು. ಹೆಚ್ಚಾದ ಒಂದು ಕಿಲೋ ಹೋಳಿಗೆಯದು.

ಫಲಕದ ಮೇಲೆ ಇನ್ನೂ ಹೆಸರು ಬಂದಿಲ್ಲ. ನನ್ನ ಗಂಡನಾಗಲಿ ಬೀಗರಾಗಲಿ ಬರೆಯುವುದನ್ನು ಬಿಟ್ಟಿಲ್ಲ, ಕಡಿಮೆ ಮಾಡಿದ್ದಾರೆ, ಅಷ್ಟೆ. ನನಗೆ ಹೋದದ್ದು ನಡುಮನೆಯ ಒಂದು ಹಾಸುಗಲ್ಲು ಮತ್ತು ತಾಡಪಾಲಿನ ಕಿಸೆಯ ಎರಡು ಒಳ್ಳೆಯ ಗಿರಾಕಿ. ಬಂದದ್ದು ಸೋಮವಾರದ ಹುಲಿಕಟ್ಟು, ಮತ್ತು ಮೂರು ಕಿಲೋ ಕಾಲು ತೂಗುವ ಮೊಮ್ಮಗಳು ಶೇವಂತಿ.